ಮೂರನೇ ಅಡ್ಡರಸ್ತೆ ನಿವಾಸಿಗಳ ಗುಂಪು: ತಪಾಸಣೆಗೆ ಬರುವವರ ಅರ್ಹತೆ ಏನು?

ಮನೆ 14 (ಬೆಳಿಗ್ಗೆ 5.40): ರಾತ್ರಿ ಎರಡು ಗಂಟೆಗೆ ನಮ್ಮ ಕಂಪೌಂಡ್ ಗೋಡೆ ಪಕ್ಕದ ಪಾಯದ ಗುಂಡಿಯೊಳಗೆ ಕುಸಿದು ಬಿದ್ದಿದೆ. ತಾಯಿ ಮಲಗುವ ಕೋಣೆಗೂ ಆ ಗುಂಡಿಗೂ ಈಗ ನಾಲ್ಕು ಅಡಿ ಅಂತರವೂ ಉಳಿದಿಲ್ಲ. ನಮ್ಮದು ಎರೆಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರಿಯುತ್ತದೆ. ಹೋದ ವಾರ ತಪಾಸಣೆಗೆ ಬಂದಿದ್ದ ಪಾಲಿಕೆ ಅಧಿಕಾರಿ ಗೇಟಿನ ಆಚೆ ನಿಂತು ಮೊಬೈಲಿನಲ್ಲಿ ಎರಡು ಫೋಟೊ ತೆಗೆದುಕೊಂಡು ಹೋದರೇ ಹೊರತು, ಗುಂಡಿಯ ಅಂಚಿಗೆ ಆಸರೆ ಕೊಟ್ಟಿದ್ದಾರೆಯೇ ಎಂದು ಬಗ್ಗಿ ಸಹ ನೋಡಲಿಲ್ಲ. ಈ ಕೆಲಸಕ್ಕೆ ಅವರಿಗೆ ಯಾವ ತರಬೇತಿ ಆಗಿದೆ ಎಂದು ನಾವು ಲಿಖಿತವಾಗಿ ಕೇಳಲೇಬೇಕು.

ಮನೆ 9: ಅಕ್ಕಾವ್ರೆ, ಅವ್ವನವರನ್ನು ಈಗಲೇ ನಮ್ಮ ಮನೆಗೆ ಕರೆತನ್ನಿ.

ಮನೆ 22: ಅಧಿಕಾರಿಯನ್ನು ದೂರಿ ಫಲವಿಲ್ಲ. ಬೇಸಿಗೆಯಲ್ಲಿ ಗುಂಡಿ ತೋಡಲು ಆರಂಭಿಸಿದಾಗಲೇ ಸಹಿ ಸಂಗ್ರಹಿಸೋಣ ಎಂದಿದ್ದೆ. ಅಂದು ಸಹಿ ಹಾಕದವರು ಇಂದು ಉತ್ತರ ಕೊಡಲಿ.

ಮನೆ 5: ಅದು ಬೇರೆ ಮಾತು ಸರ್. ನನ್ನ ಮಗಳಿರುವ ಟೆಕ್ಸಾಸ್‌ನಲ್ಲಿ ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ರಾಜ್ಯದಲ್ಲಿ ನೋಂದಾಯಿಸಿಕೊಳ್ಳದವರು ‘ಕೋಡ್ ಎನ್‌ಫೋರ್ಸ್‌ಮೆಂಟ್ ಆಫೀಸರ್’ (ನಗರದ ನಿಯಮ ಜಾರಿ ಮಾಡುವ ಅಧಿಕಾರಿ) ಎಂಬ ಪದನಾಮವನ್ನೇ ಬಳಸುವಂತಿಲ್ಲ. ಒಂದು ವರ್ಷದ ಅನುಭವ ಇಲ್ಲದವರು ತರಬೇತಿನಿರತರೆಂದು ನೋಂದಾಯಿಸಿಕೊಂಡು ಹಿರಿಯರ ಮೇಲ್ವಿಚಾರಣೆಯಲ್ಲಿ ದುಡಿಯಬೇಕು. ನಮ್ಮ ಮನವಿಯಲ್ಲೂ ಪರೀಕ್ಷೆ, ಮೇಲ್ವಿಚಾರಣೆ ಎರಡನ್ನೂ ಕೇಳೋಣ.

ಮನೆ 22: ಅಮೆರಿಕದ ಉದಾಹರಣೆ ಬೇಡ. 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯ 321ನೇ ಕಲಮಿನಲ್ಲಿ ನಿಯಮ ಮೀರಿದ ಕಟ್ಟಡ ಕೆಲಸದ ವಿರುದ್ಧ ತಾತ್ಕಾಲಿಕ ಆದೇಶ, ಕಾರಣ ಕೇಳುವ ನೋಟಿಸು, ಬಳಿಕ ಸ್ಥಿರೀಕರಣ ಎಲ್ಲವೂ ಇದೆ. ಕಾಯ್ದೆ ಇದೆ, ಮನಸ್ಸಿಲ್ಲ.

ಮನೆ 5: ಆ ನೋಟಿಸು ಬರೆಯುವವರಿಗೆ ಎಲ್ಲಿ ತಪ್ಪಾಗಿದೆ ಎಂದು ಗುರುತಿಸಲು ಬರಬೇಕಲ್ಲವೇ? ಅಳತೆಯಿಲ್ಲದೆ, ಯಾವ ನಿಯಮ ಮೀರಿದ್ದಾರೆ ಎಂದು ಹೇಳದೆ ಬರೆದ ಕಾಗದ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. 2019ರ ಮಾರ್ಚ್ 19ರಂದು ಇದೇ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಸತ್ತರು. ಅದನ್ನು ಮರೆತು ನಾವು ಮಾತನಾಡಬಾರದು.

ಮನೆ 17: (ಫಾರ್ವರ್ಡ್) ಶುಭೋದಯ. ಮಳೆಗಾಲದಲ್ಲಿ ಶುಂಠಿ ಕಷಾಯದ ಐದು ಲಾಭಗಳು.

ಮನೆ 9: ಕಾಕಾ, ಗೋಡೆ ಬಿದ್ದ ಮನೆಯವರು ಇದ್ದಾರೆ, ದಯವಿಟ್ಟು ಇವತ್ತು ಬೇಡ.

ಮನೆ 22: ಮೊದಲು ಸಹಿ ಹಾಕದವರು ಯಾರೆಂದು ಇತ್ಯರ್ಥವಾಗಲಿ. ನನ್ನ ಬಳಿ ಪಟ್ಟಿ ಇದೆ.

ಮನೆ 11: ಪಟ್ಟಿಯಲ್ಲಿ ನನ್ನ ಹೆಸರಿಲ್ಲದಿದ್ದರೆ ಅದಕ್ಕೆ ಕಾರಣವಿದೆ. ಅಂದು ನೀವು ನಮ್ಮ ಮನೆಗೆ ಬರಲೇ ಇಲ್ಲ.

ಮನೆ 3: ಗುಂಡಿಯಿಂದ ತೆಗೆದ ಮಣ್ಣು ಗಟಾರಿನಲ್ಲಿ ತುಂಬಿಕೊಂಡು ನಮ್ಮ ಅಂಗಳಕ್ಕೆ ಪಾದ ಮುಳುಗುವಷ್ಟು ನೀರು ನುಗ್ಗಿದೆ. ಮಧ್ಯಾಹ್ನದೊಳಗೆ ಜೆಸಿಬಿ ಕರೆಸಬೇಕು, ಮನೆಗೆ 300 ರೂಪಾಯಿಯಂತೆ ಕೂಡಿಸೋಣವೇ?

ಮನೆ 22: ಆಗಲಿ, ಹಣ ನನ್ನ ಬಳಿ ಕೊಡಿ.

ಮನೆ 11: ಕಳುಹಿಸಿದ್ದೇನೆ.

ಮನೆ 14: ತಪಾಸಕರ ತರಬೇತಿ ಕುರಿತ ಮನವಿಯ ಕರಡನ್ನು ಮೇಲೆ ಹಾಕಿದ್ದೇನೆ. ಈವರೆಗೆ ಮೂರು ಮನೆಯವರು ಮಾತ್ರ ಸಹಿ ಮಾಡಿದ್ದಾರೆ.

ಮನೆ 3: ಜೆಸಿಬಿ ಚಾಲಕ ಹನ್ನೊಂದಕ್ಕೆ ಬರುತ್ತಾನಂತೆ, ಕಾರುಗಳನ್ನು ತೆಗೆಯಿರಿ.