ಮನಸ್ಸು ಶಾಂತವಾಗಿಲ್ಲದಿದ್ದರೆ ಕ್ಯಾನ್ಸರ್ ಮರಳುತ್ತದೆಯೇ?

ಪ್ರಶ್ನೆ: ಡಾಕ್ಟರೇ, ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ, ಕಿಮೊ, ರೇಡಿಯೇಷನ್ ಎಲ್ಲ ಮುಗಿದಿದೆ. ಈಗ ಕಾಯಿಲೆ ಮರಳದಂತೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಮಾತ್ರ. ದಿನವೂ ಪ್ರಾರ್ಥನೆ ಮಾಡುತ್ತೇನೆ, ಧ್ಯಾನಕ್ಕೆ ಕೂರುತ್ತೇನೆ. ಆದರೂ ತಪಾಸಣೆಯ ದಿನ ಹತ್ತಿರವಾದಂತೆ ಎದೆ ಡವಗುಟ್ಟುತ್ತದೆ, ನಿದ್ದೆ ಹಾರಿಹೋಗುತ್ತದೆ. “ಚಿಂತೆ ಮಾಡಿದರೆ ಕಾಯಿಲೆ ಮತ್ತೆ ಬರುತ್ತದೆ, ದೇವರ ಮೇಲೆ ಭಾರ ಹಾಕು” ಎನ್ನುತ್ತಾರೆ ಮನೆಯವರು. ಅದನ್ನು ಕೇಳಿದರೆ ಭಯ ಇನ್ನೂ ಹೆಚ್ಚುತ್ತದೆ. ನನ್ನ ನಂಬಿಕೆಯೇ ಸಾಲದೇನೋ?

ಉತ್ತರ (ಕ್ಯಾನ್ಸರ್ ತಜ್ಞೆ): ದಯವಿಟ್ಟು ಆ ಹೊರೆಯನ್ನು ಮೊದಲು ಇಳಿಸಿ. ಚಿಂತೆಯಿಂದ ಸ್ತನ ಕ್ಯಾನ್ಸರ್ ಮರುಕಳಿಸುತ್ತದೆ ಎನ್ನಲು ಗಟ್ಟಿಯಾದ ಪುರಾವೆ ಇಲ್ಲ. ಗಡ್ಡೆಯ ಹಂತ, ಕಂಕುಳಿನ ಗ್ರಂಥಿಗಳಿಗೆ ಹರಡಿತ್ತೇ, ಅದು ಯಾವ ಬಗೆಯದು, ಚಿಕಿತ್ಸೆ ಪೂರ್ಣವಾಯಿತೇ ಎಂಬುದೇ ಇಲ್ಲಿ ಮುಖ್ಯ. ತಪಾಸಣೆಗೆ ಮುಂಚಿನ ಭಯ ಈ ಕಾಯಿಲೆಯನ್ನು ದಾಟಿ ಬಂದ ಬಹುಪಾಲು ಮಹಿಳೆಯರಲ್ಲಿ ಇರುತ್ತದೆ. ಅದರಿಂದ ನಿಮ್ಮ ಭಕ್ತಿಯನ್ನು ಅಳೆಯಬೇಡಿ.

ಮನಸ್ಸಿನ ಸ್ಥಿತಿಗೂ ಕ್ಯಾನ್ಸರಿಗೂ ನಂಟು ಕಲ್ಪಿಸುವ ಮಾತಿನ ಹಿಂದೆ ಒಂದು ಕಥೆಯಿದೆ. ದೇಹದ ಬೇರೆ ಭಾಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಇರುವ ಮಹಿಳೆಯರು ಗುಂಪಾಗಿ ಕುಳಿತು ಮನಸ್ಸು ಬಿಚ್ಚಿ ಮಾತನಾಡಿದರೆ ಹೆಚ್ಚು ಕಾಲ ಬದುಕುತ್ತಾರೆ ಎಂದು 1989ರ ಒಂದು ಸಣ್ಣ ಅಧ್ಯಯನ ಹೇಳಿತ್ತು. 235 ಮಹಿಳೆಯರನ್ನು ಒಳಗೊಂಡು 2001ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಆದರೆ ಮೊದಲಿಗೇ ತುಂಬ ಕುಗ್ಗಿದ್ದವರ ಮನಸ್ಸು ಹಗುರವಾಯಿತು, ನೋವು ಕಡಿಮೆಯೆನಿಸಿತು. ನನ್ನ ಪಾಲಿಗೆ ಇದು ಸಣ್ಣ ಲಾಭವೇನಲ್ಲ.

ಅಧ್ಯಾತ್ಮವನ್ನು ಅಳೆಯುವ ಪ್ರಶ್ನಾವಳಿಗಳಲ್ಲಿಯೂ ಬದುಕಿಗೊಂದು ಅರ್ಥವಿದೆ, ಒಳಗೆ ನೆಮ್ಮದಿಯಿದೆ ಎನ್ನುವವರ ಜೀವನದ ಗುಣಮಟ್ಟ ಚೆನ್ನಾಗಿರುವುದು ಕಾಣುತ್ತದೆ. ಆಚರಣೆ ಎಷ್ಟು ಎಂಬುದಕ್ಕಿಂತ ಈ ನೆಮ್ಮದಿಯ ನಂಟೇ ಬಲವಾದದ್ದು. ಹಾಗೆಂದು ಯಾವುದು ಕಾರಣ, ಯಾವುದು ಪರಿಣಾಮ ಎಂದು ಅವಸರದಲ್ಲಿ ತೀರ್ಮಾನಿಸಬಾರದು. ಸುಸ್ತು, ನೋವು ಕಡಿಮೆ ಇರುವವರಿಗೆ ನೆಮ್ಮದಿಯೂ ಸುಲಭವಾಗಿ ಸಿಗುತ್ತದೆ. ಆದರೆ “ದೇವರು ನನಗೆ ಶಿಕ್ಷೆ ಕೊಟ್ಟ” ಎಂಬ ಯೋಚನೆ ಕಾಡುವವರಲ್ಲಿ ಸಂಕಟ ಹೆಚ್ಚಿರುತ್ತದೆ. ನಿಮಗೂ ಹಾಗೆನಿಸಿದ್ದರೆ ಆಪ್ತಸಮಾಲೋಚಕರೊಡನೆ ಮಾತನಾಡಿ.

ಇನ್ನೊಬ್ಬ ಮಹಿಳೆ: ಡಾಕ್ಟರೇ, ಸ್ತನ ಕ್ಯಾನ್ಸರ್ ಮರಳದಂತೆ ನಾನು ಲೆಟ್ರೊಜೋಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ, ಧ್ಯಾನಕ್ಕೆ ನೆಲದ ಮೇಲೆ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ. ಮಾತ್ರೆ ಬಿಟ್ಟು ಧ್ಯಾನವನ್ನೇ ಮುಂದುವರಿಸಲೇ?

ಉತ್ತರ: ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ಕಾಯಿಲೆ ಮರಳದಂತೆ ತಡೆಯುತ್ತಿರುವುದು ಅದು. ಕೀಲುನೋವು ಈ ಔಷಧದ ಗೊತ್ತಿರುವ ಅಡ್ಡಪರಿಣಾಮ. ತಡೆಯಲಾಗದಿದ್ದರೆ ವೈದ್ಯರು ಅದೇ ಗುಂಪಿನ ಬೇರೆ ಮಾತ್ರೆ ಕೊಡಬಹುದು. ವ್ಯಾಯಾಮದಿಂದಲೂ ಈ ನೋವು ತಗ್ಗುತ್ತದೆ. ವಾರಕ್ಕೆ ಒಟ್ಟು 150 ನಿಮಿಷ ಚುರುಕಾದ ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮದ ಗುರಿ ಇಟ್ಟುಕೊಂಡು ನಿಧಾನವಾಗಿ ಹೆಚ್ಚಿಸಿ. ಧ್ಯಾನವನ್ನು ಕುರ್ಚಿಯ ಮೇಲೆ ಕುಳಿತೇ ಮಾಡಿ, ಅಥವಾ ಉಸಿರಿನ ಮೇಲೆ ಗಮನವಿಟ್ಟು ನಡೆಯಿರಿ.

ಶಸ್ತ್ರಚಿಕಿತ್ಸೆಯಾದ ಬದಿಯ ತೋಳು ಊದುವ ಭಯದಿಂದ ಭಾರ ಎತ್ತಲು ಹಿಂಜರಿಯುವವರೂ ಇದ್ದಾರೆ. ತರಬೇತುದಾರರ ಮಾರ್ಗದರ್ಶನದಲ್ಲಿ ಸ್ವಲ್ಪಸ್ವಲ್ಪವೇ ಭಾರ ಹೆಚ್ಚಿಸಿದರೆ ಊತ ಉಲ್ಬಣಿಸುವುದಿಲ್ಲ ಎಂದು 2009ರ ಅಧ್ಯಯನವೊಂದು ತೋರಿಸಿದೆ. ಆ ಬದಿಯ ತೋಳು ಬಿಗಿಯಿತೇ, ಉಂಗುರ ಕಚ್ಚುತ್ತಿದೆಯೇ ಎಂದು ಗಮನಿಸುತ್ತಿರಿ.

ಮೊದಲು ಕೇಳಿದ ಮಹಿಳೆ: ನಿದ್ದೆಗೆ, ಆತಂಕಕ್ಕೆ ಮಾತ್ರೆ ಬೇಕಾಗಬಹುದೇ? ಮನೆಯವರಿಗೆ ಏನು ಹೇಳಲಿ?

ಉತ್ತರ: ಮೊದಲು ನಿದ್ದೆಗೆಂದೇ ಇರುವ ವರ್ತನಾ ಚಿಕಿತ್ಸೆ ಪಡೆಯಿರಿ. ಎರಡು ವಾರ ಕಳೆದರೂ ಬೇಸರ ಅಥವಾ ಆತಂಕ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಟ್ಯಾಮಾಕ್ಸಿಫೆನ್ ಸೇವಿಸುತ್ತಿರುವುದನ್ನು ಅವರಿಗೆ ಮರೆಯದೆ ತಿಳಿಸಿ. ಪ್ಯಾರೊಕ್ಸೆಟಿನ್‌ನಂತಹ ಕೆಲವು ಖಿನ್ನತೆ-ಆತಂಕದ ಔಷಧಗಳು ಅದರ ಕೆಲಸಕ್ಕೆ ತೊಡಕಾಗುತ್ತವೆ. ಬದಲಿಗೆ ಕೊಡಬಹುದಾದವು ಇವೆ. ಮನೆಯವರಲ್ಲಿ ಒಬ್ಬರನ್ನು ಮುಂದಿನ ತಪಾಸಣೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿ. ಚಿಂತೆಯಿಂದ ಕ್ಯಾನ್ಸರ್ ಮರಳುತ್ತದೆಯೇ ಎಂದು ಅವರೇ ನಿಮ್ಮ ವೈದ್ಯರನ್ನು ನೇರವಾಗಿ ಕೇಳಲಿ.