ಪದಚರ್ಚೆ: ‘ಹಣ್ಣೆಲೆಗಾಲ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಎರಡು ತಿಂಗಳಿಂದ ಮಗಳ ಮನೆಯಲ್ಲಿದ್ದೇನೆ. ಚಳಿದೇಶದ ಹಳ್ಳಿಮನೆ. ಹಿಂದೆ ದೊಡ್ಡ ಹಿತ್ತಿಲು, ನಾಲ್ಕಾರು ಮರ, ಬೇಲಿ ತುಂಬ ಕೆಂಪು ಹಣ್ಣು ಬಿಟ್ಟ ಪೊದೆಗಳು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಬರುವ ಹಕ್ಕಿಗಳನ್ನು, ಪ್ರಾಣಿಗಳನ್ನು ನೋಡುತ್ತೇನೆ. ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡುತ್ತೇನೆ. ಹಾಗೆ ಬರೆಯುವಾಗ ಕೆಲವು ಪದಗಳ ಹತ್ತಿರ ಪೆನ್ನು ನಿಲ್ಲುತ್ತಿದೆ. ನಿಮ್ಮೆಲ್ಲರ ಸಹಾಯ ಬೇಕು.

ಮೊದಲನೆಯದು ಇಲ್ಲಿ ಎಲೆ ಉದುರುವ ಈ ಕಾಲದ ಹೆಸರೇ. ನಿಘಂಟು ತೆರೆದರೆ ‘ಆಟಮ್’ ಅಂದರೆ ಶರತ್ಕಾಲ ಎಂದಿರುತ್ತದೆ. ತಿಂಗಳ ಲೆಕ್ಕದಲ್ಲಿ ಇದು ತಪ್ಪಲ್ಲ. ಶರದೃತು ಅಂದರೆ ಆಶ್ವಯುಜ, ಕಾರ್ತಿಕ. ಇಲ್ಲಿನ ಸೆಪ್ಟೆಂಬರ್‌ನಿಂದ ನವೆಂಬರ್‌ಗೆ ಹೆಚ್ಚುಕಡಿಮೆ ಹೊಂದುತ್ತದೆ. ಆದರೆ ‘ಶರತ್ಕಾಲ’ ಎಂದ ಕೂಡಲೇ ನಿಮ್ಮ ಕಣ್ಣಿಗೆ ಏನು ಬರುತ್ತದೆ ಹೇಳಿ. ಮಳೆ ತೊಳೆದ ಆಕಾಶ, ಹತ್ತಿಯಂಥ ಬಿಳಿ ಮೋಡ, ತಿಳಿಯಾದ ಕೆರೆನೀರು, ಬೆಳದಿಂಗಳು. ಎಲೆ ಉದುರುವ ಚಿತ್ರ ಬರುವುದಿಲ್ಲ. ನಮ್ಮ ಮನಸ್ಸಿನಲ್ಲಿ ಎಲೆ ಉದುರುವುದು ಶಿಶಿರಕ್ಕೆ ಸೇರಿದ್ದು, ಮಾಘ, ಫಾಲ್ಗುಣಕ್ಕೆ. ನಮ್ಮಲ್ಲಿ ಮರಗಳು ಎಲೆ ಉದುರಿಸುವುದು ನೆಲದ ನೀರು ಕಡಿಮೆಯಾಗುವಾಗ. ಇಲ್ಲಿ ಹಗಲು ಚಿಕ್ಕದಾಗಿ ಚಳಿ ಹತ್ತಿರ ಬರುವಾಗ. ಕಾರಣವೇ ಬೇರೆ, ತಿಂಗಳೂ ಬೇರೆ. ಹಾಗಾಗಿ ‘ಶರತ್ಕಾಲದಲ್ಲಿ ಎಲೆಗಳು ಉದುರುತ್ತಿದ್ದವು’ ಎಂದು ಬರೆದರೆ ಕನ್ನಡದ ಓದುಗರಿಗೆ ಎಲ್ಲೋ ತಾಳ ತಪ್ಪುತ್ತದೆ. ‘ಶಿಶಿರದಲ್ಲಿ’ ಎಂದರೆ ಚಿತ್ರ ಸರಿ, ಆದರೆ ತಿಂಗಳು ಮೂರು ನಾಲ್ಕು ಮುಂದಕ್ಕೆ ಹೋಗುತ್ತದೆ. ಭೂಮಿಯ ದಕ್ಷಿಣ ಭಾಗದಲ್ಲಂತೂ ಇದೇ ಕಾಲ ಮಾರ್ಚ್‌ನಿಂದ ಮೇ ತನಕ. ಅಲ್ಲಿರುವ ಕನ್ನಡದವರು ಚೈತ್ರ, ವೈಶಾಖವನ್ನು ಶರತ್ಕಾಲ ಅನ್ನಬೇಕಾಗುತ್ತದೆ, ಅಲ್ವಾ?

ಸುಗ್ಗಿ ಅನ್ನೋಣವೇ ಎಂದೂ ಯೋಚಿಸಿದೆ. ಇಂಗ್ಲಿಷಿನಲ್ಲೂ ಹಿಂದೆ ಈ ಕಾಲಕ್ಕೆ ಕೊಯ್ಲಿನ ಹೆಸರೇ ಇತ್ತು, ‘ಹಾರ್ವೆಸ್ಟ್’ ಅನ್ನುತ್ತಿದ್ದರು. ಜರ್ಮನ್ನಿನ ‘ಹೆರ್ಬ್ಸ್ಟ್’ ಅದರದೇ ನಂಟ, ಅದು ಇವತ್ತಿಗೂ ಉಳಿದಿದೆ. ಆದರೆ ನಮ್ಮ ಸುಗ್ಗಿಗೆ ಆಗಲೇ ಬೇರೆ ಕೆಲಸವಿದೆ. ಹಳಗನ್ನಡದಲ್ಲಿ ಅದು ವಸಂತವೂ ಹೌದು. ಅದನ್ನು ಎಬ್ಬಿಸಿ ಇಲ್ಲಿ ತಂದು ಕೂರಿಸುವುದು ಬೇಡ.

ಹೀಗೆ ಹುಡುಕುತ್ತಿರುವಾಗ ಪದ ಕಾಲ ಬುಡದಲ್ಲೇ ಸಿಕ್ಕಿತು. ಮೆಟ್ಟಿಲ ಮೇಲೆ ಬಿದ್ದಿದ್ದ ಎಲೆ ಎತ್ತಿಕೊಂಡೆ. ಅಂಗೈಯಗಲದ್ದು. ನರದ ಆಚೀಚೆ ಮಾತ್ರ ಹಸಿರು ಉಳಿದಿತ್ತು, ಅಂಚಿನಿಂದ ಒಳಗೆ ಹಳದಿ ಹರಿದು ಬಂದಿತ್ತು. ತೊಟ್ಟಿನ ತುದಿ ನುಣ್ಣಗಿತ್ತು. ಕಿತ್ತ ಎಲೆಯಲ್ಲಿ ಅಲ್ಲಿ ನಾರು ಸೀಳಿರುತ್ತದೆ, ಇದರಲ್ಲಿ ಮುಚ್ಚಿದ ಗಾಯದ ಹಾಗೆ ಪುಟ್ಟ ಗುರುತು ಅಷ್ಟೇ. ಬಾಯಲ್ಲಿ ತಾನಾಗಿ ಬಂತು: ‘ಹಣ್ಣೆಲೆ.’

ಹಣ್ಣೆಲೆ ಉದುರುವಾಗ ಚಿಗುರೆಲೆ ನಗುತ್ತದೆ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಈ ಪದ ಎಷ್ಟು ಸರಿಯಾಗಿ ನೋಡಿ ಕಟ್ಟಿದ್ದು ಎಂದು ನನಗೆ ಅವತ್ತು ಹೊಳೆಯಿತು. ಹಣ್ಣಾಗುವಾಗ ಕಾಯಿಯಲ್ಲಿ ಹಸಿರು ಒಡೆದು ಹೋಗಿ ಹಳದಿ, ಕೆಂಪು ಕಾಣುತ್ತದೆ. ಎಲೆಯಲ್ಲೂ ಆಗುವುದು ಹೆಚ್ಚುಕಡಿಮೆ ಅದೇ. ಮರ ಎಲೆಯೊಳಗಿನ ಹಸಿರನ್ನು ಒಡೆದು, ಅದರ ಸಾರವನ್ನು ಕೊಂಬೆಗೆ ವಾಪಸ್ ಎಳೆದುಕೊಳ್ಳುತ್ತದೆ. ಹಳದಿ ಹೊಸದಾಗಿ ಬರುವುದಲ್ಲ, ಮೊದಲಿಂದ ಅಲ್ಲೇ ಇದ್ದದ್ದು, ಹಸಿರು ಸರಿದಾಗ ಕಾಣಿಸುತ್ತದೆ. ಕೆಂಪು ಮಾತ್ರ ಈ ದಿನಗಳಲ್ಲೇ ಹೊಸದಾಗಿ ತಯಾರಾಗುತ್ತದೆ. ಆಮೇಲೆ ತೊಟ್ಟಿನ ಬುಡದಲ್ಲಿ ಒಂದು ಪದರ ಸಡಿಲಾಗಿ ಎಲೆ ಕಳಚಿಕೊಳ್ಳುತ್ತದೆ. ಹಣ್ಣೂ ಹಾಗೆಯೇ. ಕನ್ನಡದಲ್ಲಿ ಎರಡಕ್ಕೂ ‘ತೊಟ್ಟು ಕಳಚಿತು’ ಅನ್ನುತ್ತೇವೆ. ‘ತಲೆ ಹಣ್ಣಾಯಿತು’, ‘ಹಣ್ಣು ಹಣ್ಣು ಮುದುಕ’ ಅನ್ನುವುದೂ ಇದೇ ಮಾತಿನ ಇನ್ನೊಂದು ಕೊಂಬೆ.

ಆದ್ದರಿಂದ ನನ್ನ ಮೊದಲ ಪ್ರಶ್ನೆ: ಮಳೆಗಾಲ, ಚಳಿಗಾಲ ಇದ್ದ ಹಾಗೆ ಇದನ್ನು ‘ಹಣ್ಣೆಲೆಗಾಲ’ ಅನ್ನಬಹುದೇ? ಕಿವಿಗೆ ಉದ್ದ ಅನ್ನಿಸುತ್ತದೆಯೇ? ‘ಎಲೆಯುದುರುಕಾಲ’ ಎಂದೂ ಬರೆದು ನೋಡಿದೆ. ಅಮೆರಿಕದವರು ಈ ಕಾಲವನ್ನು ‘ಫಾಲ್’ ಅನ್ನುವುದು ಎಲೆ ಬೀಳುವುದರಿಂದಲೇ. ಆದರೆ ಅದರಲ್ಲಿ ಬೀಳುವುದು ಮಾತ್ರ ಇದೆ, ಬಣ್ಣ ಇಲ್ಲ. ನನಗೆ ಹಣ್ಣೆಲೆಗಾಲವೇ ಹಿಡಿಸಿದೆ. ಉದುರಿ ಒಣಗಿದ ಮೇಲೆ ಅದು ಹೇಗೂ ತರಗೆಲೆ. ಚಿಗುರೆಲೆ, ಹಣ್ಣೆಲೆ, ತರಗೆಲೆ. ಎಲೆಯ ಬಾಳಿಗೆ ಹೆಜ್ಜೆಗೊಂದು ಹೆಸರು ನಮ್ಮಲ್ಲಿದೆ.

ಎರಡನೆಯದು ಒಂದು ಪ್ರಾಣಿ. ಕತ್ತಲಾದ ಮೇಲೆ ಬೇಲಿಯ ಬುಡದಿಂದ ಬರುತ್ತದೆ. ಎರಡು ಮುಷ್ಟಿ ಜೋಡಿಸಿದಷ್ಟು ಗಾತ್ರ. ಬೆನ್ನ ತುಂಬ ಗಿಡ್ಡ ಮುಳ್ಳು, ಚೂಪು ಮೂತಿ, ಹುಳ ಸಿಕ್ಕರೆ ಚಪಚಪ ತಿನ್ನುವ ಸದ್ದು ಮೆಟ್ಟಿಲವರೆಗೆ ಕೇಳುತ್ತದೆ. ಇಂಗ್ಲಿಷಿನಲ್ಲಿ ‘ಹೆಜ್‌ಹಾಗ್’. ಮಕ್ಕಳ ಪುಸ್ತಕಗಳ ಅನುವಾದದಲ್ಲಿ ಇದನ್ನು ‘ಮುಳ್ಳುಹಂದಿ’ ಎಂದು ಬರೆದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಹೆಸರಿನಲ್ಲಿ ‘ಹಾಗ್’ ಇದೆಯಲ್ಲ, ಹಂದಿ ಬಂದುಬಿಡುತ್ತದೆ. ಆದರೆ ನಮ್ಮ ಮುಳ್ಳುಹಂದಿ ಬೇರೆಯೇ. ಅದು ಹತ್ತು ಕಿಲೋಗಿಂತ ಜಾಸ್ತಿ ತೂಗುವ, ಗೆಡ್ಡೆ ಬೇರು ಕಡಿಯುವ ದೊಡ್ಡ ದಂಶಕ, ಇಲಿ ಅಳಿಲುಗಳ ಬಳಗ. ಮುಳ್ಳು ಒಂದೊಂದೂ ಗೇಣುದ್ದ. ಇದೋ ಕಿಲೋ ತೂಗಿದರೆ ಹೆಚ್ಚು. ಮುಳ್ಳು ಎರಡು ಮೂರು ಸೆಂಟಿಮೀಟರ್, ಆದರೆ ಮೈಮೇಲೆ ಸುಮಾರು 5000 ಇರುತ್ತವೆ. ತಿನ್ನುವುದು ಜೀರುಂಡೆ, ಎರೆಹುಳ, ಬಸವನಹುಳು. ಮುಳ್ಳುಹಂದಿ ಎಂದು ಓದಿದ ಮಗು ಪಾಪ, ಅಂಗೈಯಲ್ಲಿ ಎತ್ತಿಕೊಳ್ಳಬಹುದಾದ ಪ್ರಾಣಿಯನ್ನು ನಾಯಿಯಷ್ಟು ದೊಡ್ಡದು ಎಂದುಕೊಳ್ಳುತ್ತದೆ.

ನಾನು ನೋಟ್‌ಬುಕ್ಕಿನಲ್ಲಿ ‘ಮುಳ್ಳಿಲಿ’ ಎಂದು ಬರೆಯುತ್ತಿದ್ದೇನೆ. ಇದು ಇಲಿಯ ಬಳಗದ್ದಲ್ಲ, ಹಾಗಾಗಿ ಇದೂ ತಪ್ಪು ಎಂದು ಮಗಳು ತಕರಾರು ತೆಗೆದಳು. ಅವಳ ಮಾತು ಸರಿ. ಆದರೆ ನಮ್ಮ ಸೊಂಡಿಲಿಯೂ ಇಲಿ ಅಲ್ಲ. ಅದೂ ಹುಳ ತಿನ್ನುವ, ಚೂಪು ಮೂತಿಯ ಪ್ರಾಣಿ. ಪ್ರಾಣಿಶಾಸ್ತ್ರದವರು ಸೊಂಡಿಲಿಯನ್ನೂ ಇದನ್ನೂ ಒಂದೇ ಗಣದಲ್ಲಿ ಇಡುತ್ತಾರೆ. ಕನ್ನಡದಲ್ಲಿ ‘ಇಲಿ’ ಅಂದರೆ ನೆಲಕ್ಕೆ ಮೂತಿ ಹಚ್ಚಿ ಓಡಾಡುವ ಸಣ್ಣ ಪ್ರಾಣಿ ಎಂಬಷ್ಟು ಅಗಲದ ಅರ್ಥ ಆಗಲೇ ಇದೆ. ಸೊಂಡಿಲಿಯ ಪಕ್ಕದಲ್ಲಿ ಮುಳ್ಳಿಲಿ ನಿಂತರೆ ಎರಡೂ ನೆಂಟರ ಹಾಗೆ ಕಾಣುತ್ತವೆ, ನಿಜವಾಗಿಯೂ ನೆಂಟರೇ. ಬೇರೆ ಒಳ್ಳೆಯ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಇದರ ಜೊತೆಗೇ ಇನ್ನೊಂದು. ಈ ಮುಳ್ಳಿಲಿ ಈಗ ಚೆನ್ನಾಗಿ ತಿಂದು ಕೊಬ್ಬಿ, ಚಳಿ ಬಿದ್ದ ಮೇಲೆ ತರಗೆಲೆ ರಾಶಿಯೊಳಗೆ ಹೋಗಿ ತಿಂಗಳುಗಟ್ಟಲೆ ಬಿದ್ದುಕೊಳ್ಳುತ್ತದೆ. ಪಠ್ಯಪುಸ್ತಕದಲ್ಲಿ ಇದಕ್ಕೆ ‘ಶಿಶಿರನಿದ್ರೆ’ ಎಂಬ ಪದವಿದೆ. ನಿದ್ರೆ ಅನ್ನುವುದು ಅಷ್ಟು ಸರಿ ಅನ್ನಿಸುತ್ತಿಲ್ಲ. ಮೈಬಿಸಿ 35 ಡಿಗ್ರಿಯಿಂದ 10ರ ಹತ್ತಿರಕ್ಕೆ, ಅದಕ್ಕೂ ಕೆಳಗೆ ಇಳಿಯುತ್ತದೆ. ನಿಮಿಷಕ್ಕೆ 190 ಸಲ ಬಡಿಯುವ ಎದೆ 20ಕ್ಕೆ ಬರುತ್ತದೆ. ಇದನ್ನು ನಿದ್ದೆ ಅನ್ನುವುದಾದರೂ ಹೇಗೆ? ನಾನು ಸದ್ಯಕ್ಕೆ ‘ಚಳಿಗೆ ಹುದುಗಿತು’ ಎಂದು ಬರೆಯುತ್ತಿದ್ದೇನೆ. ಎಲೆಯೊಳಗೆ ಹೋಗಿ ಸೇರಿಕೊಂಡದ್ದೂ ಬಂತು, ಒಳಗೇ ಉಳಿದದ್ದೂ ಬಂತು. ‘ಹುದುಗು’ ಎಂಬುದನ್ನೇ ನಾಮಪದವಾಗಿ, ‘ಚಳಿಹುದುಗು’ ಎಂದು ಬಳಸಿದರೆ ಹೇಗೆ? (ಹಿತ್ತಿಲಲ್ಲಿ ಎಲೆ ರಾಶಿ ಸುಡುವ ಅಭ್ಯಾಸ ಇರುವವರು ಬೆಂಕಿ ಹಚ್ಚುವ ಮೊದಲು ರಾಶಿಯನ್ನು ಬೇರೆ ಕಡೆಗೆ ಮಗುಚಿ ನೋಡಬೇಕು. ಒಳಗೆ ಮುಳ್ಳಿಲಿ ಇದ್ದರೆ ಅದಕ್ಕೆ ಓಡಲು ಆಗುವುದಿಲ್ಲ. ಪದಚರ್ಚೆಗೆ ಸಂಬಂಧವಿಲ್ಲ, ಆದರೂ ಹೇಳದೆ ಇರಲಾರೆ.)

ಇನ್ನು ಹಕ್ಕಿಗೆ ಬರುತ್ತೇನೆ. ಮಣ್ಣು ಅಗೆಯಲು ಹಾರೆ ಹಿಡಿದರೆ ಸಾಕು, ಒಂದು ಪುಟಾಣಿ ಹಕ್ಕಿ ಹಾಜರ್. ಕೈಚಾಚಿದರೆ ಸಿಗುವಷ್ಟು ಹತ್ತಿರ ಕೂತು, ಕತ್ತು ಕೊಂಕಿಸಿ ಒಂದೇ ಕಣ್ಣಲ್ಲಿ ಮಣ್ಣು ನೋಡುತ್ತದೆ. ಎರೆಹುಳ ಕಂಡ ಕೂಡಲೇ ಕುಪ್ಪಳಿಸಿ ಬಂದು ಎತ್ತಿಕೊಂಡು ಹೋಗುತ್ತದೆ. ಇದು ಇಲ್ಲಿನ ರಾಬಿನ್. ಬೇರೆ ಹೆಚ್ಚಿನ ಹಕ್ಕಿಗಳು ಹಾಡು ನಿಲ್ಲಿಸಿರುವ ಈ ದಿನಗಳಲ್ಲೂ ಇದು ಹಾಡುತ್ತದೆ. ಗಂಡು ಹೆಣ್ಣು ಬೇರೆ ಬೇರೆ ಜಾಗ ಹಿಡಿದು ಕಾಯುವ ಕಾಲ ಇದು, ಹಾಗಾಗಿ ಹೆಣ್ಣೂ ಹಾಡುತ್ತದೆ. ಇದನ್ನು ‘ಮಡಿವಾಳ’ ಎಂದು ಬರೆಯಬಹುದೇ ಎಂದು ಒಬ್ಬ ಗೆಳತಿ ಕೇಳಿದರು. ಬೇಡ ಅನ್ನಿಸುತ್ತದೆ. ಮಡಿವಾಳ ಹಕ್ಕಿ ಅಂದರೆ ಕಣ್ಣಿಗೆ ಬರುವುದು ಒಗೆದು ಹರವಿದ ಹಾಗೆ ಚೊಕ್ಕ ಕಪ್ಪು ಬಿಳುಪು. ಇದರ ಎದೆಗೆ ಬಣ್ಣವಿದೆ.

ಆದರೆ ಯಾವ ಬಣ್ಣ? ಇಂಗ್ಲಿಷಿನ ಹಳೆಯ ಹೆಸರು ‘ರೆಡ್‌ಬ್ರೆಸ್ಟ್’, ಕೆಂಪೆದೆ. ನಾನು ದಿನಾ ಮೊಳದೂರದಿಂದ ನೋಡುತ್ತೇನೆ, ಅದು ಕೆಂಪಲ್ಲ, ಕಿತ್ತಳೆ. ಹೆಸರಿಟ್ಟ ಕಾಲಕ್ಕೆ ಇಂಗ್ಲಿಷಿನಲ್ಲಿ ‘ಆರೆಂಜ್’ ಎಂಬುದು ಬಣ್ಣದ ಹೆಸರಾಗಿರಲಿಲ್ಲ. ಹಣ್ಣಿನ ಹೆಸರು ಬಣ್ಣಕ್ಕೆ ಬಂದದ್ದು 16ನೇ ಶತಮಾನದಲ್ಲಿ. ಅದಕ್ಕೂ ಮೊದಲು ಆ ಬಣ್ಣವೆಲ್ಲ ಕೆಂಪಿನ ಲೆಕ್ಕಕ್ಕೇ ಸೇರುತ್ತಿತ್ತು. ನಮ್ಮಲ್ಲೂ ‘ಕಿತ್ತಳೆ ಬಣ್ಣ’ ಹಣ್ಣಿನಿಂದಲೇ ಬಂದದ್ದು. ಆದರೆ ನಮ್ಮ ಕೈಯಲ್ಲಿ ಇನ್ನೊಂದು ಪದವಿದೆ: ಕಾವಿ. ಮಣ್ಣಿನ ಕೆಂಪು, ಸ್ವಲ್ಪ ಹಳದಿ ಬೆರೆತದ್ದು. ಈ ಹಕ್ಕಿಯ ಎದೆಗೆ ಅದು ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ‘ಕಾವಿಯೆದೆ’ ಎಂದು ಬರೆದ ದಿನ ನನಗೆ ಬಹಳ ಸಂತೋಷವಾಯಿತು. ಕೆಂಪೆದೆ ಎಂದರೆ ಅನುವಾದ. ಕಾವಿಯೆದೆ ಎಂದರೆ ನಾವೇ ನೋಡಿ ಇಟ್ಟ ಹೆಸರು. ಒಪ್ಪುತ್ತೀರಾ?

ಅಳಿಲಿನ ವಿಷಯ ಚಿಕ್ಕದು. ಈ ದಿನಗಳಲ್ಲಿ ಅದು ಬೀಜಗಳನ್ನು ಒಂದೊಂದಾಗಿ ಒಯ್ದು ಬೇರೆ ಬೇರೆ ಕಡೆ ಮಣ್ಣಲ್ಲಿ ಹೂಳುತ್ತದೆ. ಎಲ್ಲವನ್ನೂ ಒಂದೇ ಕಡೆ ರಾಶಿ ಹಾಕುವ ಅಳಿಲುಗಳೂ ಇವೆ. ಈ ಎರಡು ರೀತಿಗೆ ಬೇರೆ ಬೇರೆ ಪದ ಬೇಕಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆ. ನಮ್ಮ ದಿನದ ಮಾತಿನಲ್ಲೇ ಇವೆ. ಒಂದೇ ಕಡೆ ಸೇರಿಸುವುದು ‘ಕೂಡಿಡು’, ಅಲ್ಲೊಂದು ಇಲ್ಲೊಂದು ಮರೆಮಾಡುವುದು ‘ಬಚ್ಚಿಡು’. ಇಷ್ಟೇ ಸಾಕು ಅನ್ನಿಸುತ್ತದೆ.

‘ವಲಸೆ’ ಬಗ್ಗೆಯೂ ಒಂದು ಮಾತು. ಕವಲುತೋಕೆ ಹಕ್ಕಿಗಳು ನಾನು ಬಂದ ಮೊದಲ ವಾರ ತಂತಿಯ ಮೇಲೆ ಸಾಲಾಗಿ ಕೂತಿದ್ದವು, ಒಂದು ಬೆಳಗ್ಗೆ ನೋಡಿದರೆ ತಂತಿ ಖಾಲಿ. ಜನರಿಗೆ ‘ವಲಸೆ ಹೋದರು’ ಎಂದರೆ ಊರು ಬಿಟ್ಟೇ ಹೋದರು ಎಂಬ ಅರ್ಥ ಹತ್ತಿರ. ಹೋಗಿ ಮತ್ತೆ ಬರುವವರಿಗೆ ‘ಗುಳೆ’ ಎಂಬ ಪದವಿದೆ. ಅರ್ಥ ಹಕ್ಕಿಗೆ ಹೊಂದುತ್ತದೆ, ಆದರೆ ಅದರಲ್ಲಿ ಬರಗಾಲದ ಸಂಕಟ ಇದೆ. ‘ವಲಸೆ ಹಕ್ಕಿ’ ಈಗ ಎಲ್ಲರ ಬಾಯಲ್ಲಿ ನೆಲೆ ನಿಂತಿದೆ, ಅದನ್ನು ಅಲುಗಿಸುವುದು ಬೇಡ.

ಕೊನೆಯದು ಒಂದು ಸದ್ದು. ಬೇಲಿ ಬುಡದಲ್ಲಿ ಹಳದಿ ಕೊಕ್ಕಿನ ಒಂದು ಕರಿಹಕ್ಕಿ ದಿನಾ ಬರುತ್ತದೆ. ಕೋಳಿ ಕಾಲಲ್ಲಿ ಕೆದಕುತ್ತದೆ. ಇದು ಹೆಚ್ಚಾಗಿ ಕೊಕ್ಕಿನಲ್ಲಿ ತರಗೆಲೆ ಹಿಡಿದು ಪಕ್ಕಕ್ಕೆ ಎಸೆಯುತ್ತದೆ, ಅದಕ್ಕೆ ನಾನು ‘ಎಲೆ ಮಗುಚುತ್ತಿತ್ತು’ ಎಂದು ಬರೆದಿದ್ದೇನೆ. ಎರಡು ಎಲೆ ಎಸೆಯುತ್ತದೆ, ನಿಲ್ಲುತ್ತದೆ, ಕಿವಿಗೊಡುತ್ತದೆ, ನಾಲ್ಕು ಹೆಜ್ಜೆ ಓಡುತ್ತದೆ, ಮತ್ತೆ ಎರಡು ಎಲೆ. ಹಕ್ಕಿ ಕಾಣುವ ಮೊದಲೇ ಈ ಸದ್ದಿನಿಂದ ಬಂದಿದೆ ಎಂದು ಗೊತ್ತಾಗುತ್ತದೆ. ‘ಸರಸರ’ ಎಂದರೆ ಹಾವು ಹರಿದ ಹಾಗೆ ಎಡೆಬಿಡದೆ ಸಾಗುತ್ತದೆ, ಇದಕ್ಕೆ ಆಗುವುದಿಲ್ಲ. ‘ಪರಪರ’ದಲ್ಲಿ ಕೆರೆತ ಇದೆ, ‘ಗರಗರ’ದಲ್ಲಿ ತಿರುಗಾಟ. ‘ಚರಪರ’ ಸ್ವಲ್ಪ ಹತ್ತಿರ, ಆದರೆ ನಡುವಿನ ಆ ನಿಲುಗಡೆ ಅದರಲ್ಲಿಲ್ಲ. ಒಣಗಿದ ಎಲೆಯ ಮೇಲೆ ತಡೆದು ತಡೆದು ಬರುವ ಈ ಸದ್ದಿಗೆ ನಿಮ್ಮ ಮನೆಯಲ್ಲಿ, ನಿಮ್ಮ ಹಿರಿಯರ ಬಾಯಲ್ಲಿ ಏನಂತಿದ್ದರು?