ಜೆಂಟಾಮೈಸಿನ್ ಆಂಟಿಬಯಾಟಿಕ್ ಆದ ಮೇಲೆ ರಕ್ತದ ಪೊಟ್ಯಾಸಿಯಂ ಏರುತ್ತಲೇ ಇಲ್ಲ, ಯಾರಿಗಾದರೂ ಹೀಗಾಗಿತ್ತಾ?

ಕೇಳಿದವರು: ಅಪ್ಪನಿಗೆ 8 ದಿನ ಜೆಂಟಾಮೈಸಿನ್ ಕೊಟ್ಟರು. ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.0 ಇದ್ದದ್ದು 2.1 ಆಗಿದೆ. ಪೊಟ್ಯಾಸಿಯಂ 2.9, ಡ್ರಿಪ್ ಹಾಕಿದರೂ ಅಷ್ಟೇ. ಅನುಭವ ಇದ್ದವರು ಹೇಳಿ.

ಹಳೇ ಪೇಷಂಟ್: ನನ್ನದು ಅಮಿಕಾಸಿನ್, ಅದೇ ಜಾತಿಯ ಆಂಟಿಬಯಾಟಿಕ್, 14 ದಿನದ ಕೋರ್ಸ್. 6ನೇ ದಿನ ಕ್ರಿಯಾಟಿನಿನ್ 1.4, 9ಕ್ಕೆ 2.3, 11ಕ್ಕೆ 3.0, ಆಗ ನಿಲ್ಲಿಸಿದರು. ಮೂತ್ರ ಚೆನ್ನಾಗೇ ಹೋಗುತ್ತಿತ್ತು ನೋಡಿ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೆರಳು ಸೆಟೆದುಕೊಂಡು ಪೆನ್ನು ಹಿಡಿಯೋಕೂ ಆಗುತ್ತಿರಲಿಲ್ಲ. ಪೊಟ್ಯಾಸಿಯಂ ಡ್ರಿಪ್‌ಗೆ ಕೈ ನರ ಉರಿದು ಉರಿದು 4 ಸಲ ಸೂಜಿ ಬದಲಾಯಿಸಿದರು. ಕೊನೆಗೆ ರಾತ್ರಿ ಪಾಳಿಯ ಡಾಕ್ಟರಮ್ಮ ಒಬ್ಬರು ಮೆಗ್ನೀಸಿಯಂ ನೋಡಿದ್ದೀರಾ ಅಂತ ಕೇಳಿದರು. 0.9, ತೀರಾ ಕಡಿಮೆ! ಅದು ಕಡಿಮೆಯಿದ್ದರೆ ಸುರಿದ ಪೊಟ್ಯಾಸಿಯಂ ಎಲ್ಲ ಮೂತ್ರಕ್ಕೇ. ಮೆಗ್ನೀಸಿಯಂ ಹಾಕಿದ ಎರಡು ದಿನಕ್ಕೆ ಪೊಟ್ಯಾಸಿಯಂ 3.6 ಬಂತು. ಕ್ರಿಯಾಟಿನಿನ್ ಇಳಿಯೋಕೆ 26 ದಿನ, 17 ಸಲ ರಕ್ತ ತೆಗೆದರು, ಎಣಿಸಿದ್ದೇನೆ. ಕಿವಿಯಲ್ಲಿ ಗುಂಯ್ ಅನ್ನೋದು ಇನ್ನೂ ಹೋಗಿಲ್ಲ.

ಮಗಳ ಅಮ್ಮ: ಸುಮ್ನೆ ಹೆದರಿಸಬೇಡಿ. ನನ್ನ ಮಗಳನ್ನು ಉಳಿಸಿದ್ದೇ ಜೆಂಟಾ. ದಿನಕ್ಕೊಂದೇ ಡೋಸ್, ಮುಂದಿನದಕ್ಕೆ ಮುಂಚೆ ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ನೋಡಿಯೇ ಹಾಕುತ್ತಿದ್ದರು. ನೋವಿನ ಮಾತ್ರೆ ಬರೆದಾಗ ಅದೂ ಕಿಡ್ನಿಗೆ ಹೊರೆ ಅಲ್ವಾ ಅಂತ ಕೇಳಿ ನಾನೇ ತೆಗೆಸಿದೆ. ಕೇಳಬೇಕು ರೀ, ಬಾಯಿಬಿಟ್ಟು.

ಹಳೇ ಪೇಷಂಟ್: ನಾನು 103 ಜ್ವರದಲ್ಲಿ ಬಡಬಡಿಸುತ್ತಾ ಬಿದ್ದಿದ್ದೆ ತಾಯಿ. ಯಾವ ಬಾಯಲ್ಲಿ ಕೇಳಲಿ?

ತಮ್ಮನ ಅಣ್ಣ: ನಮ್ಮದು ಆಂಫೊಟೆರಿಸಿನ್, ಅದೂ ಕಿಡ್ನಿಗೆ ಹೊಡೆತವೇ. ಪ್ರತಿ ಡೋಸ್‌ಗೂ ಮುಂಚೆ ಸಲೈನ್ ಏರಿಸಿದರು. ಆದರೂ ಪೊಟ್ಯಾಸಿಯಂ 2.4ಕ್ಕೆ ಬಿತ್ತು, ಎರಡು ರಾತ್ರಿ ಹಾರ್ಟ್ ಮಾನಿಟರ್ ಕೂಗಿದ್ದೇ ಕೂಗಿದ್ದು. ಅದೇ ಔಷಧಿಯನ್ನು ಕೊಬ್ಬಿನ ಕಣದಲ್ಲಿ ತುಂಬಿದ, ಕಿಡ್ನಿಗೆ ಕಡಿಮೆ ಹೊರೆಯ ಲೈಪೋಸೋಮಲ್‌ಗೆ ಬದಲಾಯಿಸಿದ ಮೇಲೆ ಸ್ವಲ್ಪ ಸುಧಾರಿಸಿತು.

ಮಗಳ ಅಮ್ಮ: ಅದು ಫಂಗಸ್ ಔಷಧಿ. ಇಲ್ಲಿ ಕೇಳಿದ್ದು ಆಂಟಿಬಯಾಟಿಕ್.

ತಮ್ಮನ ಅಣ್ಣ: ಹೌದಾ? ಕಿಡ್ನಿಗೆ ಹೋಗಿ ಹೇಳಿ ಬನ್ನಿ.

ಕೇಳಿದವರು: ರಿಪೋರ್ಟ್ ಎಲ್ಲ ತಿರುವಿ ಹಾಕಿದೆ. ಮೆಗ್ನೀಸಿಯಂ ಒಂದು ಸಲವೂ ನೋಡಿಲ್ಲ. ಮಾತ್ರೆ ತಂದು ಕೊಡಲಾ?

ಹಳೇ ಪೇಷಂಟ್: ಕೊಡಲೇಬೇಡಿ! ಕ್ರಿಯಾಟಿನಿನ್ 2.1 ಅಂತೀರಿ, ಮೆಗ್ನೀಸಿಯಂ ಹೊರಗೆ ಹೋಗದೆ ಮೈಯಲ್ಲೇ ನಿಂತರೆ ಅದೂ ಅಪಾಯ. ಮೊದಲು ಟೆಸ್ಟ್ ಮಾಡಿಸಿ, ಎಷ್ಟು ಬೇಕು ಅಂತ ಅವರೇ ಹೇಳಲಿ. ಇಂದೇ ಕೇಳಿ.

ಮಗಳ ಅಮ್ಮ: ನಾನೂ ಅದನ್ನೇ ಹೇಳಿದ್ದು, ಬಾಯಿಬಿಟ್ಟು ಕೇಳಿ ಅಂತ.

ಹಳೇ ಪೇಷಂಟ್: ಶುರುವಾಯ್ತು ಮತ್ತೆ.